ಕೀಲಿ ತಿರುಗಿಸುವ ಮೊದಲು ಎಣ್ಣೆ ಏರಲಿ

ಬಿಚ್ಚಿ, ಬೋರ್ ಮಾಡಿಸಿ, ಹೊಸ ಬೇರಿಂಗ್ ಮತ್ತು ರಿಂಗ್ ಹಾಕಿ ಕಟ್ಟಿದ ಎಂಜಿನ್ ಮತ್ತೆ ಕಾರಿನಲ್ಲಿ ಕೂತಿದೆ. ಇಷ್ಟು ದಿನ ಕಾದವರ ಕೈ ಕೀಲಿಯತ್ತಲೇ ಹೋಗುತ್ತದೆ. ದಯವಿಟ್ಟು ಇನ್ನೊಂದು ದಿನ ತಡೆಯಿರಿ. ದಿನವೂ ಓಡುವ ಎಂಜಿನ್ನಿನ ದಾರಿಗಳಲ್ಲಿ ನಿನ್ನೆಯ ಎಣ್ಣೆ ಉಳಿದಿರುತ್ತದೆ. ಹೊಸದಾಗಿ ಕಟ್ಟಿದ್ದರಲ್ಲಿ ಪಂಪಿನಿಂದ ಬೇರಿಂಗ್‌ವರೆಗೆ ಎಲ್ಲವೂ ಖಾಲಿ. ಜೋಡಿಸುವಾಗ ಸವರಿದ ಅಸೆಂಬ್ಲಿ ಲ್ಯೂಬ್ ಸ್ವಲ್ಪ ಹೊತ್ತು ಮಾತ್ರ ಕಾಪಾಡುತ್ತದೆ.

ಮೊದಲು ಕೈಯಲ್ಲಿ ತಿರುಗಿಸಿ ನೋಡಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸ್ಪಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು, ಅಂದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕೂರಿಸುವಾಗ ಹಲ್ಲು ತಪ್ಪಿರಬಹುದು. ಸೆಲ್ಫ್ ಮೋಟಾರ್ ಆಗಿದ್ದರೆ ಅದೇ ತಡೆಯನ್ನು ಲೆಕ್ಕಿಸದೆ ವಾಲ್ವನ್ನು ಬಗ್ಗಿಸಿಬಿಡುತ್ತಿತ್ತು.

ಈಗ ಎಣ್ಣೆ. ತಯಾರಕರು ಬೇರೆ ಹೇಳದಿದ್ದರೆ ಮಿನರಲ್ ಎಣ್ಣೆಯಿಂದ ಶುರು ಮಾಡುವುದು ಒಳ್ಳೆಯದು. ಅಳತೆಯಷ್ಟು ತುಂಬಿ, ಫಿಲ್ಟರ್ ಬಾಯಿ ಮೇಲಾಗಿ ಕೂರುವಂಥದ್ದಾದರೆ ಅದಕ್ಕೂ ಎಣ್ಣೆ ಸುರಿದು ಹಾಕಿ. ಮುಂದಿನ ದಾರಿ ಎಂಜಿನ್ನಿನ ರಚನೆಯನ್ನು ಅವಲಂಬಿಸಿದೆ. ಹಳೆಯ ಕೆಲವು ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ತೆಗೆದರೆ ಪಂಪಿನ ತುದಿ ಸಿಗುತ್ತದೆ. ಸರಿಯಾದ ಸಲಾಕೆಯನ್ನು ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ ಪಂಪನ್ನು ಮಾತ್ರ ತಿರುಗಿಸಬಹುದು. ದಿಕ್ಕು ತಪ್ಪಿದರೆ ಎಣ್ಣೆ ಏರುವುದಿಲ್ಲ.

ಪಂಪ್ ಕ್ರ್ಯಾಂಕಿನಿಂದಲೇ ನಡೆಯುವುದಾದರೆ ಪ್ಲಗ್‌ಗಳನ್ನು ಹೊರಗೇ ಬಿಡಿ. ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ಕಡಿದುಹಾಕಿ, ಸೆಲ್ಫ್ ಅನ್ನು ಒಂದು ಸಲಕ್ಕೆ 10 ಸೆಕೆಂಡಿನಷ್ಟು ತಿರುಗಿಸಿ, ಮೋಟಾರ್ ತಣಿಯಲು ಬಿಟ್ಟು ಮತ್ತೆ ತಿರುಗಿಸಿ. ಪ್ಲಗ್ ಇಲ್ಲದಿದ್ದರೆ ಸಿಲಿಂಡರಿನಲ್ಲಿ ಒತ್ತಡ ಕಟ್ಟುವುದಿಲ್ಲ, ಬೇರಿಂಗಿನ ಮೇಲೆ ಭಾರವೂ ಬೀಳುವುದಿಲ್ಲ. ಡ್ಯಾಶ್‌ಬೋರ್ಡಿನ ಎಣ್ಣೆ ದೀಪವನ್ನು ನಾನು ನಂಬುವುದಿಲ್ಲ, ಅದು ತೀರಾ ಕಡಿಮೆ ಒತ್ತಡಕ್ಕೇ ಆರಿಬಿಡುತ್ತದೆ. ಎಣ್ಣೆಯ ದಾರಿಗೇ ಜೋಡಿಸಿದ ಮೆಕ್ಯಾನಿಕಲ್ ಗೇಜ್ ಇರಲಿ. ನಾಲ್ಕೈದು ಸಲದ ನಂತರವೂ ಅದರ ಮುಳ್ಳು ಏಳದಿದ್ದರೆ ನಿಲ್ಲಿಸಿ, ಕಾರಣ ಹುಡುಕಿ.

ರೇಡಿಯೇಟರಿಗೆ ಕೂಲಂಟ್ ತುಂಬಿ, ಹೀಟರ್ ತೆರೆದಿಟ್ಟು ಗಾಳಿ ಹೊರಡಿಸಿ. ಹೊಸ ಪೆಟ್ರೋಲ್, ತುಂಬು ಚಾರ್ಜಿನ ಬ್ಯಾಟರಿ, ಬಿಗಿಯಾದ ಅರ್ತ್ ವೈರ್ ಇರಲಿ.

ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನಿನಲ್ಲಿ ಎಡವುವುದು ಸಾಮಾನ್ಯವಾಗಿ ಇಲ್ಲಿ: ಎರಡು ಸುತ್ತಿನಲ್ಲಿ ಮೊದಲ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಕಿಡಿ ಬೇಕಾದದ್ದು ಒಂದಕ್ಕೆ ಮಾತ್ರ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ. ಗಾಳಿ ಬೆರಳನ್ನು ತಳ್ಳುತ್ತ ಪಿಸ್ಟನ್ ಮೇಲೇರಿದ ಸುತ್ತೇ ಸರಿಯಾದ ಸುತ್ತು. ಕಿಡಿಯ ಟೈಮಿಂಗ್ ಮೊದಲೇ ಕೂಡಿಸಿಕೊಂಡರೆ ಎಂಜಿನ್ ಬೇಗ ಹತ್ತಿಕೊಳ್ಳುತ್ತದೆ. ಹತ್ತದ ಎಂಜಿನ್ನನ್ನು ತಿರುಗಿಸುತ್ತಲೇ ಇದ್ದರೆ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ.

ಪ್ಲಗ್, ಇಗ್ನಿಷನ್, ಪೆಟ್ರೋಲ್ ಎಲ್ಲವನ್ನೂ ಮತ್ತೆ ಜೋಡಿಸಿ. ಚಾಲೂ ಮಾಡುವಾಗ ಇಬ್ಬರಿರಿ. ಒಬ್ಬರ ಕಣ್ಣು ಗೇಜಿನ ಮೇಲೆ, ಇನ್ನೊಬ್ಬರು ಎಂಜಿನ್ ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಗ್ಯಾರೇಜಿನ ಬಾಗಿಲು ತೆರೆದು ಚಾಲೂ ಮಾಡಿ. ಕೆಲವೇ ಸೆಕೆಂಡಿನಲ್ಲಿ ಒತ್ತಡ ಕಾಣದಿದ್ದರೆ ಕೂಡಲೇ ಆರಿಸಿ.

ಫ್ಲಾಟ್ ಟ್ಯಾಪೆಟ್ (ಉರುಳದೆ ಕ್ಯಾಮಿಗೆ ಉಜ್ಜುತ್ತ ಕೆಲಸ ಮಾಡುವ ಚಪ್ಪಟೆ ತುಂಡು) ಇರುವ ಹಳೆಯ ಎಂಜಿನ್ನಾದರೆ ಐಡಲ್‌ಗೆ ಬಿಡಲೇಬೇಡಿ. ವಾಲ್ವ್‌ಗಳನ್ನು ತೆರೆಸುವ ಅದರ ಕ್ಯಾಮಿಗೆ ಬೇಕಾದ ಎಣ್ಣೆಯಲ್ಲಿ ಹೆಚ್ಚಿನ ಪಾಲು ಕ್ರ್ಯಾಂಕ್ ಎರಚುವುದರಿಂದ ಬರುತ್ತದೆ, ನಿಧಾನ ತಿರುಗಿದರೆ ಅದು ಸಾಲದು. ಸುಮಾರು 2000ದಿಂದ 2500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ, ಎಣ್ಣೆಯಲ್ಲಿ ಸತುವಿನ ಅಂಶವೂ ಸಾಕಷ್ಟಿರಬೇಕು. ರೋಲರ್ ಟ್ಯಾಪೆಟ್‌ಗೆ ಈ ಕಟ್ಟುನಿಟ್ಟು ಇಲ್ಲ. ಆದರೂ ಬಹಳ ಹೊತ್ತು ಐಡಲ್ ಬೇಡ, ರಿಂಗ್ ಕೂರುವುದು ರಸ್ತೆಯಲ್ಲಿ ಎಂಜಿನ್ನಿಗೆ ಭಾರ ಬಿದ್ದಾಗ.

ಮೊದಲ ನಿಮಿಷಗಳ ಹೊಗೆಗೆ ಹೆದರಬೇಡಿ, ಜೋಡಿಸುವಾಗ ಸವರಿದ ಎಣ್ಣೆ ಉರಿಯುತ್ತಿರುತ್ತದೆ. ಲೋಹ ಬಡಿದಂಥ ಸದ್ದು ಅಥವಾ ಏರುತ್ತಲೇ ಹೋಗುವ ತಾಪ ಕಂಡರೆ ಮಾತ್ರ ತಕ್ಷಣ ಆರಿಸಿ.

ಈ ಮೊದಲ ಓಟದ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ. ಹಳೆಯ ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ಬೂದು ಬಣ್ಣದ ನುಣುಪು ಪುಡಿ ಸಹಜ. ಹೊಳೆಯುವ ಚಕ್ಕೆ ಅಥವಾ ತಾಮ್ರದ ಬಣ್ಣ ಕಂಡರೆ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಇಳಿಸಿ ಬೇರಿಂಗ್ ನೋಡದೆ ಆ ಎಂಜಿನ್ನನ್ನು ಮತ್ತೆ ಚಾಲೂ ಮಾಡಬೇಡಿ.