ಸೋಂಕು ಮತ್ತು ರೋಗನಿರೋಧಕ ಪ್ರತಿಕ್ರಿಯೆಗೆ ಗಣಿತ ಮಾದರಿ ಕಟ್ಟುವ ಕ್ರಮ

ರೋಗನಿರೋಧಕ ವ್ಯವಸ್ಥೆಯನ್ನು ಕಂಪ್ಯೂಟರಿನ ನೆರವಿನಿಂದ ಅಧ್ಯಯನ ಮಾಡಲು ಹೊರಟವರು ಟಿ ಕೋಶ (ಸೋಂಕಿತ ಕೋಶಗಳನ್ನು ಕೊಲ್ಲಬಲ್ಲ ಬಿಳಿ ರಕ್ತಕಣ), ಬಿ ಕೋಶ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣ), ಸೈಟೊಕೈನ್ (ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನ್) ಎಲ್ಲವನ್ನೂ ಮೊದಲೇ ಒಂದು ಮಾದರಿಯೊಳಗೆ ತುಂಬಬಾರದು. ಸೋಂಕಿತ ಕೋಶ ಎಷ್ಟು ಕಾಲ ಬದುಕುತ್ತದೆ, ವೈರಸ್ ರಕ್ತದಿಂದ ಎಷ್ಟು ಬೇಗ ತೊಲಗುತ್ತದೆ ಎಂಬಂಥ, ಅಳತೆಗೆ ಸಿಗುವ ಒಂದು ಪ್ರಶ್ನೆಯನ್ನು ಗೊತ್ತುಮಾಡಿಕೊಂಡು, ಅದಕ್ಕೆ ಬೇಕಾದಷ್ಟನ್ನೇ ಇಟ್ಟುಕೊಳ್ಳಿ.

ಆರಂಭಕ್ಕೆ ಮೂರು ಅವಕಲ ಸಮೀಕರಣಗಳು, ಅಂದರೆ ಕಾಲದೊಂದಿಗೆ ಒಂದು ಪ್ರಮಾಣ ಬದಲಾಗುವ ವೇಗವನ್ನು ಹೇಳುವ ಸಮೀಕರಣಗಳು, ಸಾಕು: ಸೋಂಕು ತಗುಲದ ಗುರಿಕೋಶಗಳಿಗೆ (ವೈರಸ್ ಹೊಕ್ಕಬಲ್ಲ ಕೋಶಗಳು) ಒಂದು, ಸೋಂಕಿತ ಕೋಶಗಳಿಗೆ ಒಂದು ಮತ್ತು ಮುಕ್ತ ವೈರಸ್ಸಿಗೆ (ಕೋಶಗಳ ಹೊರಗಿರುವ ಕಣಗಳು) ಒಂದು. ಗುರಿಕೋಶಕ್ಕೆ ಸೋಂಕು ತಗುಲುವ ದರ, ಸೋಂಕಿತ ಕೋಶ ಸಾಯುವ ದರ, ಅದು ವೈರಸ್ ಉತ್ಪಾದಿಸುವ ದರ ಹಾಗೂ ವೈರಸ್ ನಿವಾರಣೆಯಾಗುವ ದರ ಇವುಗಳನ್ನು ಜೋಡಿಸುತ್ತವೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸೈಪೈ (SciPy) ತಂತ್ರಾಂಶದಲ್ಲಾಗಲಿ ಆರ್ ಭಾಷೆಯ ಡಿಸಾಲ್ವ್ (deSolve) ತಂತ್ರಾಂಶದಲ್ಲಾಗಲಿ ಇವನ್ನು ಬಿಡಿಸಬಹುದು.

ದತ್ತಾಂಶದ ಆಯ್ಕೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ವೈರಸ್ಸಿನ ಉತ್ಪಾದನೆ ಮತ್ತು ನಿವಾರಣೆ ಸರಿದೂಗಿರುವಾಗ ರಕ್ತದಲ್ಲಿ ಅದರ ಪ್ರಮಾಣ ಬದಲಾಗದೆ ನಿಲ್ಲುತ್ತದೆ. ಆ ಪ್ರಮಾಣವೊಂದರಿಂದಲೇ ಯಾವ ದರವೂ ತಿಳಿಯುವುದಿಲ್ಲ. ಸಮತೋಲನ ಕದಡಿದಾಗಿನ ಅಳತೆಗಳೇ ಬೇಕು. 1996ರಲ್ಲಿ ಸಂಶೋಧಕರಾದ ಅಲನ್ ಪೆರೆಲ್ಸನ್, ಡೇವಿಡ್ ಹೋ ಮತ್ತು ಸಂಗಡಿಗರು ರಿಟೊನಾವಿರ್ ಎಂಬ ಔಷಧಿ ಪಡೆದ ಎಚ್‌ಐವಿ ಸೋಂಕಿತರ ರಕ್ತವನ್ನು ಪದೇಪದೇ ಪರೀಕ್ಷಿಸಿ, ಮುಕ್ತ ವೈರಸ್ಸಿನ ಅರ್ಧಾಯು (ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ) ಸುಮಾರು 6 ಗಂಟೆ, ಸೋಂಕಿತ ಕೋಶದ್ದು ಸುಮಾರು 1.6 ದಿನ ಎಂದು ಅಂದಾಜಿಸಿದ್ದು ಹೀಗೆಯೇ. ಆ ಔಷಧಿ ವೈರಸ್ ಉತ್ಪಾದನೆಯನ್ನು ನಿಲ್ಲಿಸುವುದಿಲ್ಲ, ಹೊಸ ಕಣಗಳ ಸೋಂಕುಶಕ್ತಿಯನ್ನಷ್ಟೇ ಕಳೆಯುತ್ತದೆ. ಆದ್ದರಿಂದ ಅವರ ಮಾದರಿಯಲ್ಲಿ ಸೋಂಕುಶಕ್ತಿಯಿಲ್ಲದ ಕಣಗಳಿಗೆ ಪ್ರತ್ಯೇಕ ಸಮೀಕರಣವಿತ್ತು. ನೀವು ಅಧ್ಯಯನ ಮಾಡುವ ಔಷಧಿಯೂ ದೇಹದಲ್ಲಿ ಯಾವ ಹಂತವನ್ನು ತಡೆಯುತ್ತದೋ, ಸಮೀಕರಣದಲ್ಲೂ ಅದೇ ಜಾಗದಲ್ಲಿ ಕೆಲಸ ಮಾಡಬೇಕು.

ಮಾದರಿಯನ್ನು ದತ್ತಾಂಶಕ್ಕೆ ಹೊಂದಿಸುವಾಗ ವೈರಸ್ ಪ್ರಮಾಣದ ಲಾಗರಿದಮ್ ಬಳಸಿ. ಪತ್ತೆಮಿತಿಗಿಂತ (ಪರೀಕ್ಷೆ ಗುರುತಿಸಬಲ್ಲ ಕನಿಷ್ಠ ಪ್ರಮಾಣ) ಕೆಳಗಿನ ಅಳತೆಗಳನ್ನು ಸೊನ್ನೆ ಎಂದು ಬರೆಯದೆ, ಮಿತಿಗಿಂತ ಕಡಿಮೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಂದಿನ ಪರೀಕ್ಷೆಯನ್ನು ಅವಸರದಲ್ಲಿ ಬಿಟ್ಟುಬಿಡುವುದು ಸುಲಭ, ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲವೆಂದು ನಾನು ನಂಬುತ್ತೇನೆ. ಕೋಶಗಳ ಆರಂಭಿಕ ಸಂಖ್ಯೆಗಳನ್ನು ಇಮ್ಮಡಿಗೊಳಿಸಿ, ಪ್ರತಿ ಕೋಶದ ವೈರಸ್ ಉತ್ಪಾದನಾ ದರವನ್ನು ಅರ್ಧಕ್ಕಿಳಿಸಿ ನೋಡಿ: ಮೇಲಿನ ಮೂರು ಸಮೀಕರಣಗಳಲ್ಲಿ ವೈರಸ್ಸಿನ ರೇಖೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಅಂದರೆ ವೈರಸ್ ಪ್ರಮಾಣವನ್ನು ಮಾತ್ರ ಅಳೆದಿದ್ದರೆ ಇವೆರಡರ ಗುಣಲಬ್ಧ ಸಿಗಬಹುದೇ ಹೊರತು, ಒಂದೊಂದರ ಬೆಲೆ ಬೇರೆಬೇರೆಯಾಗಿ ಸಿಗದು. ಗೊತ್ತಿರುವ ದರಗಳಿಂದ ಕೃತಕ ದತ್ತಾಂಶವನ್ನು ಸೃಷ್ಟಿಸಿ, ಅದೇ ದರಗಳು ಮರಳಿ ಸಿಗುತ್ತವೆಯೇ ಎಂದು ಪರಿಶೀಲಿಸಿದರೆ ಇಂಥ ತೊಡಕುಗಳು ಮೊದಲೇ ಬಯಲಾಗುತ್ತವೆ.

ಟಿ ಕೋಶಗಳ ಸರದಿ ಇದಾದ ಮೇಲೆ. ಹೊಸ ಸೋಂಕಿನಲ್ಲಿ ಅವು ವೃದ್ಧಿಯಾಗಲು ಹಲವು ದಿನ ಹಿಡಿಯುವುದರಿಂದ, ಸೋಂಕಿತ ಕೋಶದ ಸಾವಿನ ದರ ಮೊದಲಿನಿಂದ ಕೊನೆಯವರೆಗೆ ಒಂದೇ ಎಂದು ಭಾವಿಸುವುದು ಸರಿಯಲ್ಲ. ಟಿ ಕೋಶಗಳ ಸಂಖ್ಯೆಯೊಂದಿಗೆ ಅದು ಏರುವಂತೆ ಬರೆಯಿರಿ. ಆದರೆ ಫ್ಲೋ ಸೈಟೊಮೆಟ್ರಿಯಿಂದಲೋ (ಲೇಸರ್ ಬೆಳಕಿನಲ್ಲಿ ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ವಿಧಾನ) ಬೇರೆ ವಿಧಾನದಿಂದಲೋ ಆ ಕೋಶಗಳನ್ನು ಎಣಿಸಿರಲೇಬೇಕು. ಹೊಸ ಮಾದರಿ ಹಳೆಯದಕ್ಕಿಂತ ಮೇಲೇ ಎಂಬುದನ್ನು, ಹೊಂದಿಸುವಾಗ ಬಳಸದೆ ತೆಗೆದಿಟ್ಟ ಅಳತೆಗಳನ್ನು ಅದು ಎಷ್ಟು ಸರಿಯಾಗಿ ಊಹಿಸುತ್ತದೆ ಎಂಬುದರಿಂದ ನಿರ್ಧರಿಸಿ.