ಸಡಿಲಾಗಿದ್ದ ಕೆಟಮರಾನ್ ಫ್ರೇಮ್ ಬಿಗಿಯಾಯಿತು: ನನ್ನ ಅನುಭವ

ಕೆಟಮರಾನ್ ಎಂದರೆ ಎರಡು ಹಲ್‌ಗಳನ್ನು, ಅಂದರೆ ಉದ್ದನೆಯ ದೋಣಿಮೈಗಳನ್ನು, ಒಂದು ಫ್ರೇಮಿನಿಂದ ಜೋಡಿಸಿದ ಹಾಯಿದೋಣಿ. ಮೊದಲು ಆ ಫ್ರೇಮ್ ಎಷ್ಟು ಸಡಿಲ ಎಂದು ತಿಳಿಯುವ ಪರೀಕ್ಷೆಯ ಮಾತು. ದೋಣಿಯನ್ನು ಮರಳ ಮೇಲಿಟ್ಟು ಎಡ ಹಲ್‌ನ ಮೂತಿ ಹಿಡಿದು ಎತ್ತಿ. ಬಲ ಹಲ್‌ನ ಮೂತಿ ಅಲುಗಾಡುವ ಹೊತ್ತಿಗೆ ನಿಮ್ಮ ಕೈಯಲ್ಲಿರುವುದು ಎಷ್ಟು ಮೇಲೆ ಬಂದಿದೆ ನೋಡಿ. ನನ್ನ ಹೋಬಿ 16 ಕೆಟಮರಾನಿನಲ್ಲಿ ಅದು ಒಂದು ಗೇಣಿಗಿಂತ ಜಾಸ್ತಿ, ಟೇಪ್ ಹಿಡಿದರೆ ಸುಮಾರು ಹತ್ತು ಇಂಚು ಇತ್ತು. ಈಗ ಎರಡು ಇಂಚು ಚಿಲ್ಲರೆ. ಈ ಎಂಟು ಇಂಚು ಇಳಿಸಲು ಮೂರು ಮಳೆಗಾಲ ಹೋದವು. ಕಾರವಾರದಿಂದ ಗೋವಾವರೆಗೆ ನನಗೆ ಗೊತ್ತಿದ್ದ ಯಾರೂ ಇದು ಆಗುತ್ತದೆ ಎಂದಿರಲಿಲ್ಲ. ಆಗಿದೆ, ಒಂದು ಪೂರ್ತಿ ಸೀಸನ್ ಓಡಿಸಿಯೂ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ದೋಣಿ ಗೋವಾದ ಒಂದು ರೆಸಾರ್ಟಿನದು. ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸಿಗೆ ಸಿಕ್ಕಿತು, ಲಾರಿ ಬಾಡಿಗೆ ಬೇರೆ. ಹಲ್‌ಗಳು ಚೆನ್ನಾಗಿದ್ದವು, ಹಾಯಿಗಳು ನಡೆಯುವಂತಿದ್ದವು. ಫ್ರೇಮಿನ ಮಾತ್ರ ನಾಲ್ಕೂ ಮೂಲೆ ಕಿರ್ರೆನ್ನುತ್ತಿದ್ದವು. ಇಪ್ಪತ್ತು ವರ್ಷ ಉಪ್ಪುನೀರು ಕುಡಿದ ಅಲ್ಯೂಮಿನಿಯಂ, ಇನ್ನೇನಾಗಬೇಕು. ಕಾರವಾರದ ಕೋಡಿಬಾಗದಿಂದ ಹೊರಟು ಕಾಳಿ ನದಿಯ ಅಳಿವೆ ದಾಟುವಾಗ, ಇಳಿತದ ನೀರು ಸಮುದ್ರದ ಅಲೆಗೆ ಎದುರಾಗುವ ಜಾಗದಲ್ಲಿ, ಒಂದು ಹಲ್ ಏರುತ್ತದೆ, ಇನ್ನೊಂದು ಇಳಿಯುತ್ತದೆ, ನಡುವೆ ಕೂತ ನಮಗೆ ಕಾಲಡಿಯ ಟ್ರ್ಯಾಂಪೊಲೀನ್ (ಫ್ರೇಮಿಗೆ ಬಿಗಿದ, ಕೂರುವ ಬಟ್ಟೆ) ತಿರುಚಿಕೊಳ್ಳುವುದು ಗೊತ್ತಾಗುತ್ತದೆ. ಗಾಳಿಮರೆಯ ಕಡೆ ಹಾಯಿಕಂಬ ಹಿಡಿದ ತಂತಿ ಜೋತುಬೀಳುತ್ತದೆ, ಮುಂದಿನ ಸಣ್ಣ ಹಾಯಿ ಜಿಬ್ ಹೊಟ್ಟೆ ಬಿಡುತ್ತದೆ, ದೋಣಿ ಗಾಳಿಗೆ ಮುಖ ಕೊಡುವುದೇ ಇಲ್ಲ. ಹಳೇ ಕೆಟಮರಾನ್ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಹಳೇ ರಿವೆಟ್ ಕೊರೆದು ತೆಗೆದು ಹೊಸದು ಹೊಡೆದೆ. ಪೇಟೆಯಲ್ಲಿ ಸಿಗುವ ಅಲ್ಯೂಮಿನಿಯಂ ಪಾಪ್ ರಿವೆಟ್, ಎಲ್ಲಾ ಸೇರಿ ಮುನ್ನೂರು ರೂಪಾಯಿ ಇರಬಹುದು. ಮೂರು ವಾರಕ್ಕೆ ತಲೆ ಹಾರಲು ಶುರುವಾಯಿತು. ಆಮೇಲೆ ಸ್ಟೇನ್‌ಲೆಸ್ ರಿವೆಟ್. ಅದನ್ನು ಎಳೆಯಲು ಸಾದಾ ಗನ್ ಸಾಲದು, ಉದ್ದ ಹಿಡಿಕೆಯದು ಬೇಕು, ಅದಕ್ಕೇ ಎರಡು ಸಾವಿರ ಚಿಲ್ಲರೆ ಹೋಯಿತು. ರಿವೆಟ್ ಗಟ್ಟಿ ನಿಂತಿತು, ಆದರೆ ಆ ರಿವೆಟ್ಟೇ ಫ್ರೇಮಿನ ಪೈಪಿನ ತೂತನ್ನು ತಿಂದು ಮೊಟ್ಟೆಯಾಕಾರ ಮಾಡಿಬಿಟ್ಟಿತು. ಎರಡು ತಿಂಗಳಲ್ಲಿ ಮತ್ತೆ ಒಂದು ಗೇಣು.

ಎರಡನೇ ವರ್ಷ ತಂಪು ಪಾನೀಯದ ಡಬ್ಬಿ ಕತ್ತರಿಸಿ ಶಿಮ್, ಅಂದರೆ ಸಂದಿಗೆ ತುರುಕುವ ತೆಳು ತಗಡು, ಮಾಡಿದೆ. ಪೈಲಾನ್ (ಹಲ್ ಮೇಲೆ ನಿಂತು ಫ್ರೇಮ್ ಹೊರುವ ಗಿಡ್ಡ ಕಂಬ) ಮತ್ತು ಕಾಸ್ಟಿಂಗ್ (ಪೈಪುಗಳು ಸೇರುವ ಮೂಲೆಯ ಎರಕದ ತುಂಡು) ನಡುವೆ ಇದು ಒಳ್ಳೆಯ ಉಪಾಯ, ಈಗಲೂ ಅಲ್ಲಿ ಇಟ್ಟುಕೊಂಡಿದ್ದೇನೆ. ಪೈಪಿನೊಳಗೆ ಮಾತ್ರ ನಿಲ್ಲಲಿಲ್ಲ, ಪುಡಿಯಾಗಿ ಹೊರಬಂತು. ಅದಾದ ಮೇಲೆ ಮೀನುಗಾರಿಕೆ ದೋಣಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ತುಂಬಿಸಿದೆ. ಬೈತಖೋಲ ಬಂದರಿನಲ್ಲಿ ಬಕೆಟ್‌ಗಟ್ಟಲೆ ಸಿಗುತ್ತದೆ, ಅಗ್ಗ. ಗಾಜಿನಂತೆ ಗಟ್ಟಿಯಾಯಿತು, ಮೊದಲ ಜೋರು ಗಾಳಿಗೆ ಗಾಜಿನಂತೆಯೇ ಬಿರಿಯಿತು. ಅಲ್ಯೂಮಿನಿಯಂ ಅದನ್ನು ಹಿಡಿಯುವುದೇ ಇಲ್ಲ. ಆ ವರ್ಷ ಆರು ಸಾವಿರದಷ್ಟು ನೀರಿಗೆ ಹೋಯಿತು, ಒಳಗೆ ಅಂಟಿದ ರೆಸಿನ್ ಕೆರೆದು ತೆಗೆಯಲು ನಾಲ್ಕು ಭಾನುವಾರ ಹೋದವು.

ಫ್ಯಾಬ್ರಿಕೇಶನ್ ಅಂಗಡಿಯವನು ಮೂಲೆಗೆ ವೆಲ್ಡ್ ಹೊಡೆದುಕೊಡುತ್ತೇನೆ ಎಂದ. ಬೇಡ ಎಂದೆ. ಎರಕದ ತುಂಡಿಗೆ ತೆಳು ಪೈಪ್ ಸೇರಿಸಿ ಬೆಸೆದರೆ, ಹದ ಮಾಡಿದ ಆ ಪೈಪ್ ಬಿಸಿ ತಾಗಿದಲ್ಲೆಲ್ಲ ಮೆತ್ತಗಾಗುತ್ತದೆ. ಮಾಸ್ಟ್ (ಹಾಯಿಕಂಬ) ಕೂರುವುದು ಫ್ರೇಮಿನ ಮೇಲೆ. ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಹಾಕುತ್ತೇನೆ ಎಂದಾಗ ಅವನು, "ಮಾಸ್ತರೆ, ಗಮ್ ಹಚ್ಚಿ ಸಮುದ್ರಕ್ಕೆ ಹೋಗ್ತ್ರಾ?" ಎಂದ. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರ ಮಾತು ಇದಕ್ಕಿಂತ ತೂಕದ್ದು: "ಮಾಸ್ತರೆ, ದೋಣಿ ಅಂದ್ಮೇಲೆ ಚೂರು ಬಳುಕ್ಬೇಕು. ಬಳುಕದಿದ್ರೆ ಮುರೀತದೆ."

ಅವರ ಮಾತನ್ನು ಬಹಳ ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಹಗ್ಗದಲ್ಲಿ ಕಟ್ಟಿದ ದೋಣಿಗೆ ಅದು ನಿಜ. ಕೆಟಮರಾನ್ ಎಂಬ ಹೆಸರೇ ತಮಿಳಿನ ಕಟ್ಟುಮರದಿಂದ ಬಂದದ್ದು. ಕಟ್ಟುಮರ ದಡಕ್ಕೆ ಬಂದರೆ ಹಗ್ಗ ಬಿಚ್ಚಿ ದಿಮ್ಮಿ ಒಣಗಿಸಿ, ಹೋಗುವಾಗ ಮತ್ತೆ ಬಿಗಿದು ಕಟ್ಟುತ್ತಾರೆ. ಹಗ್ಗ ಬಳುಕಿದರೂ ಮಾರನೇ ದಿನ ಬಿಗಿಯಾಗುತ್ತದೆ. ರಿವೆಟ್‌ನ ತೂತು ಬಳುಕಿದರೆ ದೊಡ್ಡದಾಗುತ್ತದೆ, ಅಷ್ಟೇ. ಅದನ್ನು ಚಿಕ್ಕದು ಮಾಡುವವರಿಲ್ಲ. ತಪ್ಪು ರಿವೆಟ್‌ನದಲ್ಲ, ಪೈಪಿಗೂ ಕಾಸ್ಟಿಂಗ್‌ಗೂ ನಡುವೆ ಹುಟ್ಟಿಕೊಂಡ ಸಂದಿನದು ಎಂದು ಹೊಳೆದದ್ದು ಆಗ. ಆ ಸಂದು ತುಂಬಿದರೆ ಭಾರ ಪೂರ್ತಿ ಮೈಮೇಲೆ ಹಂಚಿಹೋಗುತ್ತದೆ, ರಿವೆಟ್ ಬರೀ ಜಾಗ ಹಿಡಿದು ನಿಂತರೆ ಸಾಕು.

ಆದರೆ ಈ ಸಲ ದೋಣಿಗೆ ಕೈ ಹಾಕುವ ಮೊದಲು ಪರೀಕ್ಷೆ ಮಾಡಿದೆ. ಕಿಟಕಿಗೆ ಬಳಸುವ ಅಲ್ಯೂಮಿನಿಯಂ ಸೆಕ್ಷನ್ ತುಂಡುಗಳನ್ನು ಜೋಡಿ ಜೋಡಿಯಾಗಿ ಅಂಟಿಸಿದೆ: ಒಂದು ಪಾಲಿಯೆಸ್ಟರ್, ಒಂದು ಐದು ನಿಮಿಷದ ಎಪಾಕ್ಸಿ, ಒಂದು ನಿಧಾನ ಗಟ್ಟಿಯಾಗುವ ಎಪಾಕ್ಸಿ, ಕೊನೆಯದು ಅದೇ ನಿಧಾನದ್ದು ಆದರೆ ಒದ್ದೆಯಲ್ಲೇ ಉಜ್ಜಿದ್ದು. ಸಮುದ್ರದ ನೀರು ತುಂಬಿದ ಕೊಡದಲ್ಲಿ ಆರು ವಾರ ಬಿಟ್ಟೆ. ತೆಗೆದು ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದರೆ ಪಾಲಿಯೆಸ್ಟರ್ ಕೈಯಲ್ಲೇ ಬಿಟ್ಟಿತು, ಐದು ನಿಮಿಷದ್ದು ಎರಡು ಏಟಿಗೆ. ನಿಧಾನದ್ದು ಏಳೆಂಟು ಏಟು ತಡೆಯಿತು. ಒದ್ದೆಯಲ್ಲಿ ಉಜ್ಜಿದ್ದು ಬಿಡಲೇ ಇಲ್ಲ, ಸೆಕ್ಷನ್ನೇ ಬಾಗಿತು. ಆ ಬಾಗಿದ ತುಂಡು ಈಗಲೂ ನನ್ನ ಟೂಲ್ ಬಾಕ್ಸಿನಲ್ಲಿದೆ.

ಒದ್ದೆಯಲ್ಲಿ ಉಜ್ಜುವುದೆಂದರೆ ಹೀಗೆ. ಅಲ್ಯೂಮಿನಿಯಂ ಅನ್ನು ಎಷ್ಟೇ ಉಜ್ಜಿ, ಗಾಳಿ ತಾಗಿದ ಕೂಡಲೇ ಆಕ್ಸೈಡ್ ಪೊರೆ ಕಟ್ಟುತ್ತದೆ. ಹಾಗಾಗಿ ಮೊದಲು ಬರಿಯ ಎಪಾಕ್ಸಿ ಹಚ್ಚಿ, ಅದರೊಳಗೇ 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಕು. ಹೊಸ ಲೋಹ ಗಾಳಿ ಕಾಣುವ ಮೊದಲೇ ಎಪಾಕ್ಸಿ ಕಾಣುತ್ತದೆ. ಅಂಟು ಕಪ್ಪಾಗುತ್ತದೆ, ಹೆದರಬೇಡಿ. ನನ್ನ ಕೆಲಸ ಗೆದ್ದದ್ದು ಇದರಿಂದ.

ಮಾರ್ಚ್‌ನಲ್ಲಿ ಫ್ರೇಮ್ ಬಿಚ್ಚಿದೆ. ಮೂರು ಮೂಲೆ ಬಿಸಿಗಾಳಿ ಗನ್ ಮತ್ತು ಮರದ ಕೊಡತಿಗೆ ಬಿಟ್ಟವು. ಹಿಂದಿನ ಬಲ ಮೂಲೆ ಹನ್ನೊಂದು ದಿನ ಕಾಡಿತು. ಅದನ್ನು ಬಿಡಿಸಿದ ರೀತಿ ಇಲ್ಲಿ ಬರೆಯುವುದಿಲ್ಲ, ನೋಡದೆ ಮಾಡಿದರೆ ಕಾಸ್ಟಿಂಗ್ ಸೀಳುತ್ತದೆ. ಬೇಕಾದವರು ಬಂದು ನೋಡಿ. ಒಳಗಿನಿಂದ ಬಿಳಿ ಪುಡಿ ಒಂದು ಚಹಾ ಲೋಟದಷ್ಟು ಉದುರಿತು. ಫೀಲರ್ ಗೇಜ್ ಹಾಕಿದರೆ ಸಂದು ಅರ್ಧ ಮಿಲಿಮೀಟರ್, ಆ ಹಠಮಾರಿ ಮೂಲೆಯಲ್ಲಿ ಒಂದಕ್ಕಿಂತ ಹೆಚ್ಚು.

ಮೂಲೆಗೆ ಎರಡರಂತೆ ಅಂಟಿಸಬೇಕಾದದ್ದು ಎಂಟು ಕೀಲು. ಮೊದಲ ದಿನ ಅವಸರದಲ್ಲಿ ಕಾಲು ಕಿಲೋ ಎಪಾಕ್ಸಿ ಒಂದೇ ಪ್ಲಾಸ್ಟಿಕ್ ಮಗ್‌ನಲ್ಲಿ ಕಲಸಿದೆ. ಕಾರವಾರದ ಮಾರ್ಚ್ ಮಧ್ಯಾಹ್ನ. ಹತ್ತು ನಿಮಿಷಕ್ಕೆ ಹೊಗೆ ಎದ್ದಿತು, ಮಗ್ ಕುಗ್ಗಿ ಅಂಗಳದ ಕಲ್ಲಿಗೆ ಅಂಟಿತು. ನಾನೂರು ರೂಪಾಯಿಯ ಮಾಲು. ಮಾರನೇ ದಿನದಿಂದ ಬೆಳಗಿನ ಐದೂವರೆಗೆ ಶುರು, ಒಂದು ಸಲಕ್ಕೆ ಅರವತ್ತು ಗ್ರಾಂ, ಅಗಲ ತಟ್ಟೆಯಲ್ಲಿ, ತಟ್ಟೆ ತಣ್ಣೀರಿನ ಮೇಲೆ. ಇಪ್ಪತ್ತೈದು ನಿಮಿಷ ಆರಾಮಾಗಿ ಸಿಕ್ಕಿತು. ದಪ್ಪ ಮಾಡಲು ಸಿಲಿಕಾ ಪುಡಿ ಮತ್ತು ಇನ್ನೊಂದು ವಸ್ತು ಬೆರೆಸಿದೆ. ಅಳತೆ ನನ್ನ ಹತ್ತಿರವೇ ಇರಲಿ. ಚಮಚ ಕವುಚಿದರೆ ಬೀಳಬಾರದು, ಅಷ್ಟು ದಪ್ಪ ಸಾಕು.

ಫ್ರೇಮನ್ನು ನೆಲದ ಮೇಲೆ ಅಂಟಿಸಬೇಡಿ. ಹಲ್‌ಗಳ ಮೇಲೇ ಕೂರಿಸಿ ಒಣಗಿಸಬೇಕು, ಇಲ್ಲದಿದ್ದರೆ ನಾಲ್ಕನೇ ಪೈಲಾನ್ ಎಂದೂ ಕೂರುವುದಿಲ್ಲ. ಪೈಲಾನ್‌ಗಳಿಗೆ ಮೇಣ ಹಚ್ಚಿದೆ, ಅಂಟು ಅಲ್ಲಿ ಹಿಡಿಯದಿರಲಿ ಎಂದು. ಹಲ್‌ಗಳನ್ನು ಮರಳಿನ ಚೀಲದ ಮೇಲಿಟ್ಟು ಗಾರೆಯವರ ನೀರಿನ ಟ್ಯೂಬಿನಿಂದ ಮಟ್ಟ ನೋಡಿದೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದಾಗ ಹನ್ನೆರಡು ಮಿಲಿಮೀಟರ್ ವ್ಯತ್ಯಾಸ. ಉದ್ದದ ಕರ್ಣಕ್ಕೆ ಹಗ್ಗ ಕಟ್ಟಿ, ನಡುವೆ ಕೋಲು ಸಿಕ್ಕಿಸಿ ತಿರುವಿ ಎರಡು ಮಿಲಿಮೀಟರ್‌ಗೆ ತಂದೆ. ಡಾಲ್ಫಿನ್ ಸ್ಟ್ರೈಕರ್ (ಮಾಸ್ಟಿನ ಭಾರಕ್ಕೆ ಮುಂದಿನ ಅಡ್ಡಪೈಪ್ ಬಾಗದಂತೆ ಕೆಳಗಿನಿಂದ ತಡೆಯುವ ಕಂಬಿ) ಬಿಗಿದದ್ದೂ ಅಂಟು ಹಸಿ ಇರುವಾಗಲೇ. ಆಮೇಲೆ ಹಳೇ ತೂತುಗಳ ನಡುವೆ ಹೊಸ ತೂತು ಕೊರೆದು, ಸ್ಟೇನ್‌ಲೆಸ್ ರಿವೆಟ್‌ಗಳನ್ನು ಎಪಾಕ್ಸಿಯಲ್ಲಿ ಅದ್ದಿ ಹೊಡೆದೆ. ಅದ್ದಿದರೆ ಎರಡು ಲೋಹ ನೇರ ಮುಟ್ಟುವುದಿಲ್ಲ, ತಿನ್ನುವುದು ತಪ್ಪುತ್ತದೆ. ಒಂದು ವಾರ ಮುಟ್ಟಲಿಲ್ಲ.

ಇದರ ಜೊತೆಗೆ ಟ್ರ್ಯಾಂಪೊಲೀನ್ ಬಗ್ಗೆಯೂ ಒಂದು ಪ್ರಯೋಗ ಮಾಡಿದೆ. ಅದನ್ನು ಫ್ರೇಮಿಗೆ ಕಟ್ಟುವ ಲೇಸ್ ಸಡಿಲ ಬಿಟ್ಟು ಮೂತಿ ಎತ್ತಿದರೆ ಮೂರು ಇಂಚು, ಮೊಣಕಾಲು ಊರಿ ಎಳೆದು ಬಿಗಿದರೆ ಎರಡು. ಅಂದರೆ ಬಟ್ಟೆಯೂ ಫ್ರೇಮಿನ ಭಾಗವೇ. ಹಳೇ ಸಡಿಲ ಫ್ರೇಮಿನಲ್ಲಿ ಇದೇ ಬಿಗಿತ ಕೊಟ್ಟಾಗ ಹತ್ತರಿಂದ ಏಳಕ್ಕೆ ಇಳಿದಿತ್ತು. ಕೈಯಲ್ಲಿ ದುಡ್ಡಿಲ್ಲದವರು ಮೊದಲು ಲೇಸ್ ಬಿಗಿಯಲಿ. ಲಾರಿಗೆ ತಾಡಪತ್ರಿ ಹೊಲಿಯುವವನಿಂದ ಅಂಚು ಮರುಹೊಲಿಸಿದ್ದಕ್ಕೆ ಒಂದು ಸಾವಿರ ಕೊಟ್ಟೆ, ಒಳ್ಳೆಯ ಕೆಲಸ.

ಗೆದ್ದ ವರ್ಷದ ಖರ್ಚು ಎಲ್ಲಾ ಸೇರಿ ಐದು ಸಾವಿರ ದಾಟಿಲ್ಲ. ಸೋತ ಎರಡು ವರ್ಷದ್ದು ಹತ್ತಕ್ಕೆ ಹತ್ತಿರ. ಹೊಸ ಫ್ರೇಮ್ ತರಿಸಲು ವಿಚಾರಿಸಿದಾಗ ಸಾಗಾಟ, ಸುಂಕ ಸೇರಿ ದೋಣಿ ಕೊಂಡ ಬೆಲೆಯನ್ನೇ ಮೀರುತ್ತಿತ್ತು.

ಇನ್ನು, ಹೀಗೆ ಅಂಟಿಸಿದರೆ ಮುಂದೆ ಫ್ರೇಮ್ ಬಿಚ್ಚಲಾಗದು ಎಂದು ಯಾರಾದರೂ ಆಕ್ಷೇಪಿಸಬಹುದು. ಪೈಲಾನ್ ಬೋಲ್ಟ್ ನಾಲ್ಕು ಬಿಚ್ಚಿದರೆ ಹಲ್‌ಗಳು ಬೇರೆಯಾಗುತ್ತವೆ, ಫ್ರೇಮ್ ಇಡಿಯಾಗಿ ಪಿಕಪ್‌ನಲ್ಲಿ ಹೋಗುತ್ತದೆ. ಕೀಲೇ ಬಿಡಿಸಬೇಕಾದರೆ ಬಿಸಿಗಾಳಿಗೆ ಎಪಾಕ್ಸಿ ಮೆತ್ತಗಾಗುತ್ತದೆ.

ಅಕ್ಟೋಬರ್‌ನಿಂದ ಮೇವರೆಗೆ ನಲವತ್ತು ಸಲವಾದರೂ ಹೋಗಿದ್ದೇನೆ. ಮಧ್ಯಾಹ್ನದ ವಾಯವ್ಯ ಗಾಳಿಗೆ ಎದುರಾಗಿ ಕೂರ್ಮಗಡ ದ್ವೀಪದ ಕಡೆ ಹೋಗಲು ಮೊದಲು ಏಳೆಂಟು ಸಲ ದೋಣಿ ತಿರುಗಿಸಬೇಕಿತ್ತು, ಈಗ ಐದು. ಅಳಿವೆಯಲ್ಲಿ ಕಿರ್ರೆನ್ನುವ ಸದ್ದು ಇಲ್ಲವೇ ಇಲ್ಲ. ಮೇ ಕೊನೆಯಲ್ಲಿ ದಡಕ್ಕೆ ಎಳೆದಾಗ ಬಲೆಯ ಹಿರಿಯರು ತಾವಾಗಿಯೇ ಬಂದು ಎಡ ಮೂತಿ ಎತ್ತಿದರು. ಬಲದ್ದೂ ಎದ್ದಿತು. ಇನ್ನೊಮ್ಮೆ ಎತ್ತಿ ನೋಡಿ, ಮೂಲೆಗೆ ಕಿವಿಕೊಟ್ಟು, "ಯಾವ ಅಂಟು ಇದು?" ಎಂದರು. ಮಿಕ್ಕಿದ್ದ ಅರ್ಧ ಡಬ್ಬಿ ಅವರ ಹುಟ್ಟಿನ ಹಿಡಿಕೆಗೆ ಕೊಟ್ಟಿದ್ದೇನೆ.

ಈ ಮಳೆಗಾಲಕ್ಕೆ ಉಳಿದ ಕೆಲಸ ಒಂದೇ. ಹಿಂದಿನ ಎಡ ಪೈಲಾನ್ ಹಲ್‌ಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ. ಫ್ರೇಮ್ ಗಟ್ಟಿಯಾದ ಮೇಲೆ ಭಾರ ಅಲ್ಲಿಗೆ ಇಳಿದಿರಬೇಕು.