ರೈಲು ಆಟಕ್ಕೆ ಜಾಯ್‌ಸ್ಟಿಕ್ ಒಗ್ಗಲಿಲ್ಲ

ಕೀಬೋರ್ಡಿನಲ್ಲಿ ರೈಲು ಓಡಿಸಿ ಬೇಜಾರಾಗಿ, ಮನೆಯಲ್ಲಿದ್ದ ಜಾಯ್‌ಸ್ಟಿಕ್ ಸಿಕ್ಕಿಸಿದೆ. ಅಲ್ಲೇ ಎಡವಿದ್ದು. ಕೈ ಬಿಟ್ಟ ಕೂಡಲೇ ಸ್ಪ್ರಿಂಗ್ ಅದನ್ನು ನಡುವಿಗೆ ಎಳೆದುಕೊಳ್ಳುತ್ತದೆ, ಥ್ರಾಟಲ್ (ಎಂಜಿನ್‌ನ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ತಾನಾಗೇ ಬದಲಾಗುತ್ತದೆ. ರೈಲಿನಲ್ಲಿ ಹಿಡಿ ಇಟ್ಟ ಕಡೆಯೇ ನಿಲ್ಲಬೇಕು, ಅಲ್ವಾ?

ಹಾಗಾಗಿ ವಿಮಾನದ ಆಟಕ್ಕೆಂದು ಮಾಡಿದ, ಇಟ್ಟಲ್ಲೇ ನಿಲ್ಲುವ ಮೂರು ಲಿವರ್‌ಗಳ ಪೆಟ್ಟಿಗೆ, ಅಂದ್ರೆ ಥ್ರಾಟಲ್ ಕ್ವಾಡ್ರಂಟ್, ತಗೊಂಡೆ. ಒಂದು ಥ್ರಾಟಲ್‌ಗೆ, ಒಂದು ರೈಲಿನ ಬ್ರೇಕ್‌ಗೆ, ಇನ್ನೊಂದು ರಿವರ್ಸರ್‌ಗೆ, ಅಂದ್ರೆ ರೈಲು ಮುಂದಕ್ಕೋ ಹಿಂದಕ್ಕೋ ಎಂದು ದಿಕ್ಕು ಬದಲಿಸಲು. (ರಿವರ್ಸರ್‌ಗೆ ಲಿವರ್ ಸುಮ್ನೆ ದಂಡ, ಎರಡು ಬಟನ್ ಸಾಕು. ಆ ಲಿವರನ್ನೀಗ ಎಂಜಿನ್ ಒಂದಕ್ಕೇ ಇರುವ ಬ್ರೇಕ್‌ಗೆ ಕೊಟ್ಟಿದ್ದೇನೆ.)

ಆಮೇಲೆ ಹೊಸ ತಲೆನೋವು. ನಾನು ಓಡಿಸುವ ಡೀಸೆಲ್ ಎಂಜಿನ್‌ಗೆ 8 ನಾಚ್, ಅಂದ್ರೆ ಥ್ರಾಟಲ್‌ಗೆ 8 ಹಂತ. ನನ್ನ ಲಿವರ್ ಮಾತ್ರ ನುಣ್ಣಗೆ ಜಾರುತ್ತದೆ. 4 ಮತ್ತು 5ರ ನಡುವೆ ನಿಂತರೆ ಎಂಜಿನ್ ಸದ್ದು ಏರುತ್ತಾ ಇಳಿಯುತ್ತಾ ಇರುತ್ತಿತ್ತು. ಲಿವರ್ ಅಲುಗಾಡುತ್ತಿರಲಿಲ್ಲ, ಅದು ಎಲ್ಲಿದೆಯೆಂದು ಅಳೆಯುವ ಒಳಗಿನ ಪೊಟೆನ್ಶಿಯೋಮೀಟರ್ ಕಳಿಸುವ ಅಂಕಿಯೇ ನಡುಗುತ್ತಿತ್ತು. ಲಿವರ್ ಪಕ್ಕ ಕಾಗದದ ಟೇಪ್ ಅಂಟಿಸಿ, ಸೊನ್ನೆಯೂ ಸೇರಿ 9 ಗೆರೆ ಎಳೆದೆ, ಪ್ರತಿ ನಾಚ್‌ನ ನಟ್ಟನಡುವೆ ಒಂದೊಂದು. ಗೆರೆಗೆ ತಂದು ನಿಲ್ಲಿಸಿದರೆ ಸದ್ದು ಕದಲುವುದಿಲ್ಲ. ಅದರ ಬದಲು ಆಯಸ್ಕಾಂತದ ನೆರವಿನಿಂದ ಅಳೆಯುವ ಹಾಲ್ ಸೆನ್ಸರ್ ಇರುವುದನ್ನು ಕೊಂಡಿದ್ದರೆ ನಡುಕ ಕಡಿಮೆಯಾಗುತ್ತಿತ್ತು, ಆದರೂ ಗೆರೆ ಬೇಕೇ ಬೇಕು.

ಬ್ರೇಕ್ ಲಿವರ್‌ನ ತುದಿಗೆ ಸ್ವಲ್ಪ ಡೆಡ್‌ಜೋನ್ (ಲಿವರ್ ಕದಲಿದರೂ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಕೊಟ್ಟೆ. ಅದಕ್ಕೆ ಮುಂಚೆ ಬ್ರೇಕ್ ಪೂರ್ತಿ ಬಿಡುತ್ತಲೇ ಇರಲಿಲ್ಲ.